ಬೀಜದ ಕುದುರೆಯೂ ಸೂರ್ಯನ ಗತಿಯೂ

೧

ಪಶುಪಾಲನೆಯ ಚರಿತ್ರೆಯಲ್ಲಿ ಹೆಣ್ಣಿನ ಋತುಮಾನಕ್ಕೆ ದೊರೆತ ಗಮನ ಗಂಡಿನ ಋತುಮಾನಕ್ಕೆ ದೊರೆತಿಲ್ಲ. ಹೆಣ್ಣು ಕುದುರೆ ವಸಂತದಲ್ಲಿ ಬೆದೆಗೆ ಬರುವುದು, ಹಗಲು ಕುಗ್ಗಿದಂತೆಲ್ಲ ಅದರ ಬೆದೆ ನಿಂತುಹೋಗುವುದು, ಹನ್ನೊಂದು ತಿಂಗಳು ಗಬ್ಬ ಹೊತ್ತು ಮರುವರ್ಷದ ಹಸಿರು ಹುಲ್ಲಿನ ಕಾಲಕ್ಕೆ ಮರಿ ಹಾಕುವುದು, ಇವೆಲ್ಲ ಲಾಯದ ಆಳಿಗೂ ತಾನಾಗಿ ತಿಳಿಯುವ ಸಂಗತಿಗಳು. ಬೀಜದ ಕುದುರೆಯ ವಿಷಯ ಹಾಗಲ್ಲ. ಅದು ಮಾಘದ ಚಳಿಯಲ್ಲಿಯೂ ಕೆನೆಯುತ್ತದೆ. ಬೆದೆಯಲ್ಲಿರುವ ಹೆಣ್ಣನ್ನು ಎದುರಿಗೆ ತಂದರೆ ಯಾವ ತಿಂಗಳಲ್ಲಾದರೂ ಮುಂದೆ ಬರುತ್ತದೆ. ವರ್ಷದ ಹನ್ನೆರಡು ತಿಂಗಳೂ ಅದರಲ್ಲಿ ವೀರ್ಯಾಣುಗಳು ಹುಟ್ಟುತ್ತಲೇ ಇರುತ್ತವೆ. ಆದುದರಿಂದ ಋತುಮಾನವೆಂಬುದು ಹೆಣ್ಣಿಗೆ ಸೇರಿದ ಧರ್ಮ, ಗಂಡಾದರೋ ಸದಾ ಸಿದ್ಧ ಎಂಬ ನಂಬಿಕೆ ಬಹುಕಾಲ ಪ್ರಶ್ನೆಗೊಳಗಾಗದೆ ಉಳಿಯಿತು.

ಈ ನಂಬಿಕೆ ಅರ್ಧಸತ್ಯವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಮಾತ್ರ ಸ್ಪಷ್ಟವಾಯಿತು. ಗಂಡು ಕುದುರೆಯ ರಕ್ತದಲ್ಲಿ ಹರಿಯುವ ಹಾರ್ಮೋನುಗಳು ಸೂರ್ಯನ ಉತ್ತರಾಯಣ ದಕ್ಷಿಣಾಯನಗಳನ್ನು ಅನುಸರಿಸಿ ಏರಿಳಿಯುತ್ತವೆ. ಇಳಿತವುಂಟು, ಪೂರ್ಣ ನಿಲುಗಡೆಯಿಲ್ಲ. ನಿಲುಗಡೆಯಿಲ್ಲದ ಕಾರಣದಿಂದಲೇ ಇಳಿತವು ಕಣ್ಣಿಗೆ ಬೀಳಲಿಲ್ಲ. ಈ ತಿಳಿವಳಿಕೆ ಬರುವ ಹೊತ್ತಿಗೆ ಮನುಷ್ಯನು ಕುದುರೆಯ ಮೇಲೆ ತನ್ನದೇ ಆದ ಮತ್ತೊಂದು ಪಂಚಾಂಗವನ್ನು ಹೊರಿಸಿಯಾಗಿತ್ತು. ಶರೀರದ ಪಂಚಾಂಗಕ್ಕೂ ಕಟ್ಟಳೆಯ ಪಂಚಾಂಗಕ್ಕೂ ಬಿದ್ದ ಈ ವಿರಸವೇ ಈ ಶೋಧದ ಇತಿಹಾಸವನ್ನು ಬಹುಮಟ್ಟಿಗೆ ನಡೆಸಿಕೊಂಡು ಬಂದಿದೆ.

೨

ಪ್ರಾಚೀನರು ಕಾರಣವನ್ನು ಅರಿಯದಿದ್ದರೂ ಕಾಲವನ್ನು ಬಲ್ಲವರಾಗಿದ್ದರು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಪಂಡಿತ ವಾರೋ ತನ್ನ ಕೃಷಿಗ್ರಂಥದಲ್ಲಿ ಕುದುರೆಗಳನ್ನು ಕೂಡಿಸಲು ವಸಂತ ವಿಷುವದಿಂದ ಉತ್ತರಾಯಣದ ಕೊನೆಯವರೆಗಿನ ಅವಧಿ, ಎಂದರೆ ಈಗಿನ ಎಣಿಕೆಯಂತೆ ಮಾರ್ಚ್ ತಿಂಗಳ ಮೂರನೆಯ ವಾರದಿಂದ ಜೂನ್ ತಿಂಗಳ ಮೂರನೆಯ ವಾರದವರೆಗಿನ ಕಾಲ, ಪ್ರಶಸ್ತವೆಂದು ವಿಧಿಸಿದನು. ಮರಿಯು ಹದವಾದ ಹವೆಯಲ್ಲಿ, ಹುಲ್ಲು ಚಿಗುರಿದ ಕಾಲದಲ್ಲಿ ನೆಲಕ್ಕೆ ಬೀಳಬೇಕೆಂಬುದೇ ಇದರ ಉದ್ದೇಶ. ವರ್ಜಿಲ್ ಕವಿ ತನ್ನ ಕೃಷಿಕಾವ್ಯದ ಮೂರನೆಯ ಭಾಗದಲ್ಲಿ, ಕೂಡುವ ಕಾಲ ಸಮೀಪಿಸಿದಾಗ ಗಂಡನ್ನು ಮೇವಿನಿಂದ ಕೊಬ್ಬಿಸಿ ಹೆಣ್ಣುಗಳನ್ನು ಬೇಕೆಂದೇ ಬಡಕಲಾಗಿಸುವ ಪದ್ಧತಿಯನ್ನು ವರ್ಣಿಸಿದ್ದಾನೆ. ವಸಂತದಲ್ಲಿ ಹೆಣ್ಣು ಕುದುರೆಗಳು ಪಶ್ಚಿಮದ ಗಾಳಿಗೆ ಮುಖವೊಡ್ಡಿ ನಿಂತು ಆ ಗಾಳಿಯಿಂದಲೇ ಗಬ್ಬವಾಗುತ್ತವೆಂಬ ಕಥೆಯೂ ಅಲ್ಲಿಯೇ ಬರುತ್ತದೆ. ವಾರೋ ಮತ್ತು ಪ್ಲಿನಿ ಇಂಥ ಸಂಗತಿಯನ್ನು ಈಗಿನ ಲಿಸ್ಬನ್ ಪ್ರದೇಶದ ಕುದುರೆಗಳಿಗೆ ಹೇಳಿದ್ದಾರೆ.

ಈ ಕಥೆಯನ್ನು ಕೇವಲ ನಗೆಯ ವಸ್ತುವೆಂದು ಬದಿಗಿಡುವಂತಿಲ್ಲ. ಸಂತಾನಶಕ್ತಿಯನ್ನು ಎಚ್ಚರಿಸುವ ಕಾರಣವು ಪ್ರಾಣಿಯ ಹೊರಗೆ, ಋತುವಿನಲ್ಲಿ ಇದೆಯೆಂಬ ಗ್ರಹಿಕೆ ಅದರೊಳಗೆ ಅಡಗಿದೆ. ಆದರೆ ಆ ಕಾರಣವನ್ನು ಗಾಳಿಯಲ್ಲಿ ಹುಡುಕಿದ್ದು ತಪ್ಪು. ಅದು ಹೆಣ್ಣಿಗೆ ಮಾತ್ರ ಸಲ್ಲುತ್ತದೆಂದು ಭಾವಿಸಿದ್ದು ಎರಡನೆಯ ತಪ್ಪು. ಮೊದಲನೆಯದನ್ನು ತಿದ್ದಲು ಸುಮಾರು ಎರಡು ಸಾವಿರ ವರ್ಷಗಳು ಬೇಕಾದುವು. ಎರಡನೆಯದಕ್ಕೆ ಇನ್ನೂ ಕೆಲವು ದಶಕಗಳು ಹಿಡಿದುವು.

೩

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಕುದುರೆಪಂದ್ಯಗಳು ಹೊಸ ರೂಪವನ್ನು ತಳೆದುವು. ಸೇಂಟ್ ಲೆಜರ್ (೧೭೭೬), ಓಕ್ಸ್ (೧೭೭೯), ಡರ್ಬಿ (೧೭೮೦) ಎಂಬ ಪ್ರಸಿದ್ಧ ಪಂದ್ಯಗಳೆಲ್ಲವೂ ಮೂರು ವರ್ಷದ ಕುದುರೆಗಳಿಗೆ ಮೀಸಲಾದುವು. ಪಂದ್ಯವು ವಯಸ್ಸಿಗೆ ಕಟ್ಟುಬಿದ್ದ ಮೇಲೆ ವಯಸ್ಸನ್ನು ಎಣಿಸುವ ಕಟ್ಟಳೆ ಅವಶ್ಯವಾಯಿತು. ಪ್ರತಿಯೊಂದು ಮರಿಯ ನಿಜವಾದ ಜನ್ಮದಿನವನ್ನು ಹಿಡಿಯುವ ಬದಲು ಎಲ್ಲ ಕುದುರೆಗಳಿಗೂ ಒಂದೇ ಹುಟ್ಟುಹಬ್ಬವನ್ನು ಗೊತ್ತುಮಾಡಲಾಯಿತು. ಮೊದಲು ಅದು ಮೇ ೧ ಆಗಿತ್ತು. ಈ ದಿನವು ಕುದುರೆಯ ಸಹಜವಾದ ಹೆರಿಗೆಯ ಕಾಲಕ್ಕೆ ಹತ್ತಿರವಾಗಿದ್ದುದನ್ನು ಗಮನಿಸಬೇಕು. ೧೮೩೦ರ ದಶಕದಲ್ಲಿ ನ್ಯೂಮಾರ್ಕೆಟ್ಟಿನ ಕುದುರೆಗಳಿಗೂ, ತರುವಾಯ ಉಳಿದ ಕಡೆಗಳ ಕುದುರೆಗಳಿಗೂ ಜನವರಿ ೧ ಹುಟ್ಟುಹಬ್ಬವಾಯಿತು. ದಕ್ಷಿಣ ಗೋಳಾರ್ಧದ ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಆಗಸ್ಟ್ ೧ ರೂಢಿಗೆ ಬಂದಿತು.

ಲೆಕ್ಕಪತ್ರದ ಅನುಕೂಲಕ್ಕಾಗಿ ಆದ ಈ ಬದಲಾವಣೆಯ ಪರಿಣಾಮ ಮಾತ್ರ ಲೆಕ್ಕಪತ್ರದಲ್ಲಿ ನಿಲ್ಲಲಿಲ್ಲ. ಜನವರಿ ಕೊನೆಯಲ್ಲಿ ಹುಟ್ಟಿದ ಮರಿಗೂ ಮೇ ಕೊನೆಯಲ್ಲಿ ಹುಟ್ಟಿದ ಮರಿಗೂ ಪಂದ್ಯದ ಕಣದಲ್ಲಿ ಒಂದೇ ವಯಸ್ಸು. ಎರಡು ವರ್ಷದ ಕುದುರೆಗಳ ಓಟದಲ್ಲಿ ನಾಲ್ಕು ತಿಂಗಳ ಹಿರಿತನವೆಂದರೆ ಮೂಳೆಯಲ್ಲಿಯೂ ಸ್ನಾಯುವಿನಲ್ಲಿಯೂ ದೊಡ್ಡ ಮುನ್ನಡೆ. ಹರಾಜಿನಲ್ಲಿ ದೊಡ್ಡ ಮರಿಗೆ ದೊಡ್ಡ ಬೆಲೆ. ಆದುದರಿಂದ ಸಾಕುವವರು ಮರಿಗಳನ್ನು ಆದಷ್ಟು ಜನವರಿಯ ಸಮೀಪಕ್ಕೆ ತರಲು ಹವಣಿಸಿದರು. ಹನ್ನೊಂದು ತಿಂಗಳ ಗಬ್ಬವನ್ನು ಹಿಂದಕ್ಕೆ ಎಣಿಸಿದರೆ ಕೂಡಿಸುವ ಕಾಲ ಫೆಬ್ರವರಿಗೆ ಬಂದು ನಿಲ್ಲುತ್ತದೆ. ಉತ್ತರ ಗೋಳಾರ್ಧದಲ್ಲಿ ಫೆಬ್ರವರಿ ೧೫ರ ಸುಮಾರಿಗೆ ಆರಂಭವಾಗುವ ವ್ಯಾವಹಾರಿಕ ಕೂಡುಗಾಲ ಹೀಗೆ ಹುಟ್ಟಿತು. ವಾರೋ ಹೇಳಿದ ಕಾಲಕ್ಕಿಂತ ಇದು ಒಂದು ತಿಂಗಳಿಗೂ ಮಿಗಿಲಾಗಿ ಮುಂಚಿತ.

ಹೆಣ್ಣು ಕುದುರೆ ಈ ಕಟ್ಟಳೆಗೆ ಬಗ್ಗಲಿಲ್ಲ. ಫೆಬ್ರವರಿಯಲ್ಲಿ ಅದರ ಅಂಡಾಶಯ ಇನ್ನೂ ನಿದ್ರಿಸುತ್ತಿರುತ್ತದೆ, ಇಲ್ಲವೆ ಅರೆಯೆಚ್ಚರದಲ್ಲಿರುತ್ತದೆ. ಆದ್ದರಿಂದ ಗಬ್ಬ ನಿಲ್ಲದಿದ್ದರೆ ತಪ್ಪನ್ನು ಹೆಣ್ಣಿನ ಮೇಲೆ ಹೊರಿಸುವುದು ವಾಡಿಕೆಯಾಯಿತು. ಗಂಡಿನ ಶರೀರವು ಆ ಕಾಲದಲ್ಲಿ ಯಾವ ಸ್ಥಿತಿಯಲ್ಲಿರುತ್ತದೆಂಬ ಪ್ರಶ್ನೆ ಬಹುಕಾಲ ಹಿಂದೆಯೇ ಉಳಿಯಿತು.

೪

ಆ ಪ್ರಶ್ನೆಯನ್ನು ಕೇಳಬೇಕಾದರೆ ಮೊದಲು ಹಾರ್ಮೋನಿನ ಕಲ್ಪನೆಯೇ ಹುಟ್ಟಬೇಕಾಗಿತ್ತು. ೧೮೪೯ರಲ್ಲಿ ಗಟಿಂಗೆನ್ನಿನ ಆರ್ನಾಲ್ಡ್ ಬರ್ತೋಲ್ಡ್ ಹುಂಜಗಳ ವೃಷಣವನ್ನು ತೆಗೆದು ಅದೇ ಶರೀರದ ಬೇರೆಡೆಯಲ್ಲಿ ನೆಟ್ಟು, ನರಗಳ ಸಂಬಂಧ ಕಡಿದಿದ್ದರೂ ಹುಂಜತನ ಉಳಿಯುವುದನ್ನು ತೋರಿಸಿದರು. ವೃಷಣದಿಂದ ಏನೋ ಒಂದು ವಸ್ತು ರಕ್ತವನ್ನು ಸೇರುತ್ತದೆಂಬುದು ಇದರಿಂದ ಸಿದ್ಧವಾಯಿತು. ಇಂಥ ವಸ್ತುಗಳಿಗೆ ಹಾರ್ಮೋನ್ ಎಂಬ ಹೆಸರನ್ನು ೧೯೦೫ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದರು. ೧೯೩೫ರಲ್ಲಿ ಆಮ್‌ಸ್ಟರ್‌ಡಾಮಿನ ಅರ್ನ್ಸ್ಟ್ ಲಾಕರ್ ಅವರ ತಂಡವು ಹೋರಿಯ ವೃಷಣಗಳಿಂದ ಪುರುಷ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದನ್ನು ಟೆಸ್ಟೋಸ್ಟೆರೋನ್ ಎಂದು ಕರೆಯಿತು. ಅದೇ ವರ್ಷ ಬೂಟೆನಾಂಟ್ ಮತ್ತು ರುಜಿಚ್ಕ ಅವರು ಅದನ್ನು ಪ್ರಯೋಗಶಾಲೆಯಲ್ಲಿ ನಿರ್ಮಿಸಿದರು.

ಇದಕ್ಕೆ ಒಂದು ವರ್ಷ ಮೊದಲು ಬೀಜದ ಕುದುರೆಯು ವಿಜ್ಞಾನಿಗಳನ್ನು ಬೆರಗುಗೊಳಿಸಿತ್ತು. ಬರ್ನ್‌ಹಾರ್ಡ್ ಜೋಂಡೆಕ್ ಅವರು ಸೆಲ್ಮಾರ್ ಆಶ್‌ಹೈಮ್ ಅವರೊಡನೆ ಗರ್ಭಪರೀಕ್ಷೆಯ ವಿಧಾನವನ್ನು ರೂಪಿಸಿ ಹೆಸರಾದವರು. ೧೯೩೦ರಲ್ಲಿ ಗಬ್ಬದ ಕುದುರೆಯ ಮೂತ್ರದಲ್ಲಿ ಸ್ತ್ರೀ ಹಾರ್ಮೋನು, ಎಂದರೆ ಈಸ್ಟ್ರೋಜನ್, ಅಪಾರವಾಗಿರುವುದನ್ನು ಅವರು ಕಂಡುಕೊಂಡಿದ್ದರು. ಯಹೂದ್ಯರೆಂಬ ಕಾರಣದಿಂದ ೧೯೩೩ರಲ್ಲಿ ಬರ್ಲಿನ್ನಿನ ಹುದ್ದೆಯನ್ನು ಕಳೆದುಕೊಂಡು ಅವರು ಸ್ಟಾಕ್‌ಹೋಮಿಗೆ ಹೋದರು. ಅಲ್ಲಿಂದ ಜೆರೂಸಲೇಮಿಗೆ ತೆರಳಿ ನೆಲೆಸಿದರು. ಈ ಅಲೆದಾಟದ ನಡುವೆಯೇ, ೧೯೩೪ರಲ್ಲಿ, ನೇಚರ್ ಪತ್ರಿಕೆಯಲ್ಲಿ ಅವರ ಒಂದು ಪುಟ್ಟ ಲೇಖನ ಪ್ರಕಟವಾಯಿತು. ಬೀಜದ ಕುದುರೆಯ ಮೂತ್ರದಲ್ಲಿಯೂ ಈಸ್ಟ್ರೋಜನ್ ರಾಶಿ ರಾಶಿಯಾಗಿ ಹೊರಬೀಳುತ್ತದೆ. ಗಬ್ಬವಿಲ್ಲದ ಹೆಣ್ಣು ಕುದುರೆಯ ಮೂತ್ರದಲ್ಲಿರುವುದಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚು. ಅದರ ಮೂಲವು ವೃಷಣವೇ ಎಂಬುದು ಅದರ ಸಾರ.

ಗಂಡುತನಕ್ಕೆ ಉಪಮಾನವಾದ ಪ್ರಾಣಿಯ ವೃಷಣವೇ ಸ್ತ್ರೀ ಹಾರ್ಮೋನಿನ ಮಹಾಗಣಿಯೆಂದರೆ ಆ ಕಾಲದ ಶಾಸ್ತ್ರವಿಂಗಡಣೆ ಅಲುಗಾಡದೆ ಇದ್ದೀತೇ? ಪುರುಷ ಹಾರ್ಮೋನು ಪುರುಷನಲ್ಲಿ, ಸ್ತ್ರೀ ಹಾರ್ಮೋನು ಸ್ತ್ರೀಯಲ್ಲಿ ಎಂಬ ಸರಳ ಕಲ್ಪನೆ ಮುಂದೆ ನಿಲ್ಲಲಿಲ್ಲ. ಕುದುರೆಯ ವೃಷಣದಲ್ಲಿರುವ ಲೀಡಿಗ್ ಕೋಶಗಳು ಟೆಸ್ಟೋಸ್ಟೆರೋನನ್ನು ತಯಾರಿಸುವುದಲ್ಲದೆ ಅದರ ಒಂದು ಭಾಗವನ್ನು ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತವೆ ಎಂಬುದು ನಂತರದ ಸಂಶೋಧನೆಗಳಿಂದ ತಿಳಿಯಿತು. ಈ ಹಾರ್ಮೋನು ಹೆಚ್ಚಾಗಿ ಗಂಧಕಾಮ್ಲದೊಡನೆ ಕೂಡಿದ ಸಲ್ಫೇಟ್ ರೂಪದಲ್ಲಿರುತ್ತದೆಂಬುದನ್ನು ಕೆನಡದ ಜೆ. ಐ. ರೇಸೈಡ್ ಅವರು ೧೯೬೯ರಲ್ಲಿ ತೋರಿಸಿದರು.

ಈ ವಿಚಿತ್ರ ಸತ್ಯಕ್ಕೆ ಲಾಯದಲ್ಲಿಯೂ ಒಂದು ಉಪಯೋಗ ಒದಗಿತು. ಬೀಜ ತೆಗೆದದ್ದೆಂದು ಮಾರಿದ ಕುದುರೆಯ ಹೊಟ್ಟೆಯೊಳಗೆ ಒಂದು ವೃಷಣ ಇಳಿಯದೆ ಅಡಗಿರುವುದುಂಟು. ಇಂಥ ಕುದುರೆ ಕೊಂಡವನನ್ನು ಕಾಡುತ್ತದೆ. ಲಿವರ್‌ಪೂಲಿನ ಜೆ. ಇ. ಕಾಕ್ಸ್ ಅವರು ೧೯೭೦ರ ದಶಕದಿಂದ ಅಭಿವೃದ್ಧಿಪಡಿಸಿದ ರಕ್ತಪರೀಕ್ಷೆಗಳು ಈ ವಂಚನೆಯನ್ನು ಬಯಲಿಗೆಳೆಯಲು ನೆರವಾದುವು. ಮೂರು ವರ್ಷ ದಾಟಿದ ಕುದುರೆಯ ರಕ್ತದಲ್ಲಿ ಈಸ್ಟ್ರೋನ್ ಸಲ್ಫೇಟ್ ಹೆಚ್ಚಾಗಿದ್ದರೆ ಒಳಗೆಲ್ಲೋ ವೃಷಣವಿದೆಯೆಂದೇ ಅರ್ಥ.

೫

ಹಾರ್ಮೋನುಗಳು ದೊರೆತುವು, ಅವುಗಳನ್ನು ಋತುವಿಗೆ ಜೋಡಿಸುವ ಕೊಂಡಿ ಬೇರೊಂದು ದಿಕ್ಕಿನಿಂದ ಬಂದಿತು. ಕೆನಡದ ಎಡ್ಮಂಟನ್ನಿನಲ್ಲಿ ವಿಲಿಯಂ ರೋವನ್ ಅವರು ೧೯೨೦ರ ದಶಕದಲ್ಲಿ ಜುಂಕೊ ಎಂಬ ಸಣ್ಣ ವಲಸೆಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿ ಹೊರಗಿನ ಪಂಜರಗಳಲ್ಲಿರಿಸಿ, ಸಂಜೆಯ ಮೇಲೆ ವಿದ್ಯುದ್ದೀಪಗಳಿಂದ ಹಗಲನ್ನು ದಿನದಿನಕ್ಕೆ ಹಿಗ್ಗಿಸಿದರು. ನಡುಚಳಿಗಾಲದಲ್ಲಿಯೇ ಅವುಗಳ ವೃಷಣಗಳು ವಸಂತದಲ್ಲಿದ್ದಂತೆ ಬೆಳೆದುವು. ಚಳಿ ಹಾಗೆಯೇ ಇತ್ತು, ಬದಲಾದದ್ದು ಬೆಳಕು ಮಾತ್ರ. ಕೇಂಬ್ರಿಜಿನ ಎಫ್. ಎಚ್. ಎ. ಮಾರ್ಷಲ್ ಅವರು ೧೯೩೬ರ ಕ್ರೂನಿಯನ್ ಉಪನ್ಯಾಸದಲ್ಲಿ ಪ್ರಾಣಿಗಳ ಸಂತಾನಋತುವಿಗೂ ಹೊರಜಗತ್ತಿನ ಪ್ರಚೋದನೆಗಳಿಗೂ ಇರುವ ಸಂಬಂಧವನ್ನು ವಿಸ್ತಾರವಾಗಿ ಪರಿಶೀಲಿಸಿದರು. ಗೋಳಾರ್ಧವನ್ನು ದಾಟಿ ಸಾಗಿಸಲಾದ ಪ್ರಾಣಿಗಳು ಹೊಸ ನಾಡಿನ ಋತುವಿಗೆ ತಮ್ಮನ್ನು ಹೊಂದಿಸಿಕೊಳ್ಳುವುದು ಇದಕ್ಕೆ ಬಲವಾದ ಆಧಾರವಾಯಿತು.

ಕುದುರೆಯ ಮೇಲೆ ಈ ಪ್ರಯೋಗವನ್ನು ನಡೆಸಿದವರು ಜೆ. ಬರ್ಕಾರ್ಟ್. ಚಳಿಗಾಲದಲ್ಲಿ ಹೆಚ್ಚುವರಿ ಬೆಳಕು ಕೊಟ್ಟರೆ ಹೆಣ್ಣು ಕುದುರೆ ವಾಡಿಕೆಗಿಂತ ಮುಂಚಿತವಾಗಿ ಬೆದೆಗೆ ಬರುತ್ತದೆಂದು ಅವರು ೧೯೪೭ರಲ್ಲಿ ಪ್ರಕಟಿಸಿದರು. ಜಪಾನಿನ ನಿಶಿಕಾವ ಅವರು ಕುದುರೆಗಳ ಸಂತಾನೋತ್ಪತ್ತಿಯನ್ನು ಕುರಿತು ೧೯೫೯ರಲ್ಲಿ ಹೊರತಂದ ಗ್ರಂಥದಲ್ಲಿಯೂ ಬೆಳಕಿನ ಪ್ರಭಾವಕ್ಕೆ ಸ್ಥಾನ ದೊರೆಯಿತು. ವಾರೋ ಕಾಲದಿಂದ ಹುಡುಕಿದ ಗಾಳಿಯ ರಹಸ್ಯ ಕೊನೆಗೆ ದೀಪದಲ್ಲಿ ಬಯಲಾಯಿತು.

ಬೆಳಕು ವೃಷಣವನ್ನು ಮುಟ್ಟುವ ದಾರಿ ಹೀಗಿದೆ: ಕಣ್ಣು ಗ್ರಹಿಸಿದ ಬೆಳಕಿನ ಸುದ್ದಿ ಮಿದುಳಿನ ಪೀನಿಯಲ್ ಗ್ರಂಥಿಗೆ ತಲುಪುತ್ತದೆ. ಅಮೆರಿಕದ ಏರನ್ ಲರ್ನರ್ ಮತ್ತು ಸಂಗಡಿಗರು ೧೯೫೮ರಲ್ಲಿ ಈ ಗ್ರಂಥಿಯಿಂದ ಬೇರ್ಪಡಿಸಿದ ಮೆಲಟೋನಿನ್ ಎಂಬ ವಸ್ತು ಕತ್ತಲೆಯಲ್ಲಿ ಮಾತ್ರ ಹೇರಳವಾಗಿ ಸ್ರವಿಸುತ್ತದೆ. ಇರುಳು ದೀರ್ಘವಾದಷ್ಟೂ ಸ್ರಾವವೂ ದೀರ್ಘ. ಎಂದರೆ, ಇರುಳಿನ ಉದ್ದವನ್ನು ರಕ್ತದಲ್ಲಿ ಬರೆದಿಡುವ ಲಿಪಿಕಾರ ಅದು. ಕುದುರೆಯ ಮಿದುಳು ದೀರ್ಘವಾದ ಇರುಳನ್ನು ಚಳಿಗಾಲವೆಂದು ಓದಿಕೊಂಡು, ಪಿಟ್ಯುಟರಿ ಗ್ರಂಥಿಗೆ ಕಳುಹಿಸುವ ಪ್ರಚೋದನೆಯನ್ನು ತಗ್ಗಿಸುತ್ತದೆ. ಈ ಪ್ರಚೋದಕವಾದ ಜಿಎನ್‌ಆರ್‌ಎಚ್ ಎಂಬುದರ ರಚನೆಯನ್ನು ೧೯೭೧ರಲ್ಲಿ ಶಾಲಿ ಮತ್ತು ಗಿಯ್ಮಾನ್ ಅವರ ತಂಡಗಳು ಬಿಡಿಸಿದುವು. ಅದು ಕುಗ್ಗಿದರೆ ಪಿಟ್ಯುಟರಿಯ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳೂ, ಅವುಗಳ ಹಿಂದೆ ವೃಷಣದ ಟೆಸ್ಟೋಸ್ಟೆರೋನ್ ಮತ್ತು ಈಸ್ಟ್ರೋಜನ್ನುಗಳೂ ಕುಗ್ಗುತ್ತವೆ. ಇದೇ ಮೆಲಟೋನಿನ್ ಕುರಿಯಲ್ಲಿ ವಿಪರೀತ ಫಲವನ್ನು ಕೊಡುತ್ತದೆ. ಐದು ತಿಂಗಳು ಗಬ್ಬ ಹೊರುವ ಕುರಿಗೆ ಶರತ್ಕಾಲವೂ ಹನ್ನೊಂದು ತಿಂಗಳು ಹೊರುವ ಕುದುರೆಗೆ ವಸಂತವೂ ಕೂಡುವ ಕಾಲ. ದಾರಿ ಬೇರೆಯಾದರೂ ಗುರಿ ಒಂದೇ: ಮರಿಯು ಹುಲ್ಲಿರುವ ಕಾಲಕ್ಕೆ ಹುಟ್ಟಬೇಕು.

೬

ಗಂಡು ಕುದುರೆಯಲ್ಲಿ ಈ ಏರಿಳಿತವನ್ನು ಅಳೆಯಲು ತಕ್ಕ ತಕ್ಕಡಿ ಅದುವರೆಗೆ ಇರಲಿಲ್ಲ. ಹಿಂದಿನವರು ಮೂತ್ರವನ್ನು ಸಂಗ್ರಹಿಸಿ, ಅದರ ಸತ್ತ್ವವನ್ನು ಇಲಿಗಳಿಗೆ ಚುಚ್ಚಿ ಫಲವನ್ನು ನೋಡಬೇಕಾಗಿತ್ತು. ನ್ಯೂಯಾರ್ಕಿನ ಬರ್ಸನ್ ಮತ್ತು ಯಾಲೋ ಅವರು ೧೯೫೦ರ ದಶಕದ ಕೊನೆಯಲ್ಲಿ ರೂಪಿಸಿದ ವಿಕಿರಣ ಮಾಪನ ವಿಧಾನವು ಕೆಲವೇ ಹನಿ ರಕ್ತದಲ್ಲಿ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನೂ ಎಣಿಸಲು ಶಕ್ಯವಾಗಿಸಿತು. ಇದೇ ಬೀಜದ ಕುದುರೆಯ ಋತುಮಾನವನ್ನು ಬೆಳಕಿಗೆ ತಂದ ಉಪಕರಣ.

ಕೊಲರಾಡೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬಿ. ಡಬ್ಲ್ಯು. ಪಿಕೆಟ್ ಮತ್ತು ಸಹೋದ್ಯೋಗಿಗಳು ೧೯೭೦ರಿಂದ ಬೀಜದ ಕುದುರೆಯ ಶರೀರಕ್ರಿಯೆಯನ್ನು ಕುರಿತು ಸರಣಿಯಾಗಿ ಲೇಖನಗಳನ್ನು ಪ್ರಕಟಿಸಿದರು. ತಿಂಗಳು ತಿಂಗಳಿಗೂ ವೀರ್ಯವನ್ನು ಪರೀಕ್ಷಿಸಿದಾಗ ಬೇಸಗೆಯಲ್ಲಿ ದೊರೆಯುವ ವೀರ್ಯಾಣುಗಳ ಸಂಖ್ಯೆ ಚಳಿಗಾಲದಲ್ಲಿ ಸುಮಾರು ಅರ್ಧಕ್ಕೆ ಇಳಿಯುವುದು ಕಂಡುಬಂದಿತು. ಚಳಿಗಾಲದಲ್ಲಿ ಗಂಡು ಹೆಣ್ಣಿನ ಬಳಿ ತಡಮಾಡುತ್ತದೆಂಬುದೂ ಲೆಕ್ಕಕ್ಕೆ ಸಿಕ್ಕಿತು. ೧೯೭೪ರಲ್ಲಿ ಬರ್ನ್‌ಟ್ಸನ್, ಪಿಕೆಟ್ ಮತ್ತು ನೆಟ್ ಅವರು ರಕ್ತದ ಟೆಸ್ಟೋಸ್ಟೆರೋನನ್ನು ವರ್ಷವಿಡೀ ಅಳೆದು, ಅದು ಚಳಿಗಾಲದಲ್ಲಿ ತಗ್ಗಿ, ವಸಂತದೊಡನೆ ಏರಿ, ಮೇ ತಿಂಗಳ ಸುಮಾರಿಗೆ ಉಚ್ಚಸ್ಥಿತಿಯನ್ನು ಮುಟ್ಟುವುದನ್ನು ತೋರಿಸಿದರು. ಈಸ್ಟ್ರೋಜನ್ನೂ ಋತುವಿಗನುಸಾರವಾಗಿ ಬದಲಾಗುತ್ತದೆಂದು ರೇಸೈಡ್ ಅವರು ಅದೇ ದಶಕದ ಕೊನೆಯಲ್ಲಿ ವರದಿ ಮಾಡಿದರು. ಇದು ಲಾಯದ ಮೇವಿನ ಅಥವಾ ದುಡಿಮೆಯ ಫಲವಲ್ಲವೆಂಬುದಕ್ಕೂ ಸಾಕ್ಷ್ಯ ದೊರೆಯಿತು: ಜೇ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಕಾಡುಗುದುರೆಗಳಲ್ಲಿಯೂ ಇಂಥದೇ ಏರಿಳಿತವನ್ನು ಕಂಡು ೧೯೭೭ರಲ್ಲಿ ಪ್ರಕಟಿಸಿದರು. ೧೯೮೩ರಲ್ಲಿ ಜಾನ್ಸನ್ ಮತ್ತು ಥಾಂಪ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ವೀರ್ಯಾಣುಗಳನ್ನು ಪೋಷಿಸುವ ಸರ್ಟೊಲಿ ಕೋಶಗಳ ಸಂಖ್ಯೆಯೇ ಋತುವಿನೊಡನೆ ಹೆಚ್ಚುಕಡಿಮೆಯಾಗುತ್ತದೆಂದು ಅವರು ಹೇಳಿದರು. ಪ್ರಾಯಕ್ಕೆ ಬಂದ ಮೇಲೆ ಈ ಕೋಶಗಳ ಸಂಖ್ಯೆ ಸ್ಥಿರವೆಂದು ಭಾವಿಸಿದ್ದ ಶಾಸ್ತ್ರಕ್ಕೆ ಇದು ಅನಿರೀಕ್ಷಿತ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಕುದುರೆಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ೫೭ ದಿನಗಳು ಬೇಕು. ಪಕ್ವವಾಗಿ ಹೊರಬರಲು ಇನ್ನೂ ಕೆಲವು ದಿನಗಳು. ಫೆಬ್ರವರಿ ೧೫ರಂದು ಕೂಡಿಸುವ ಗಂಡಿನ ವೀರ್ಯಾಣುಗಳ ನಿರ್ಮಾಣ ಆರಂಭವಾದದ್ದು ಡಿಸೆಂಬರ್ ನಡುವಿನಲ್ಲಿ, ವರ್ಷದ ಅತ್ಯಂತ ಕಿರಿದಾದ ಹಗಲುಗಳಲ್ಲಿ, ಹಾರ್ಮೋನುಗಳು ತಳಮಟ್ಟದಲ್ಲಿದ್ದಾಗ. ಕಟ್ಟಳೆಯ ಪಂಚಾಂಗವು ಅತಿ ಹೆಚ್ಚಿನ ಕೆಲಸವನ್ನು ಕೇಳುವ ಹೊತ್ತಿಗೆ ಶರೀರದ ಕಣಜ ಅರ್ಧ ಬರಿದಾಗಿರುತ್ತದೆ. ಕೆಲವೇ ಹೆಣ್ಣುಗಳಿದ್ದರೆ ಈ ಕೊರತೆ ತಿಳಿಯದು. ಹೆಸರಾಂತ ಕುದುರೆಗೆ ಒಂದೇ ಋತುವಿನಲ್ಲಿ ನೂರಕ್ಕೂ ಮಿಕ್ಕಿ ಹೆಣ್ಣುಗಳನ್ನು ಕೂಡಿಸುವ ಕಾಲ ಬಂದಾಗ ಅದು ತಿಳಿಯದೆ ಇರದು. ಬಹುಕಾಲ ಹೆಣ್ಣಿನ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಒಂದು ಪಾಲು ಗಂಡಿನದೂ ಇತ್ತೆಂಬುದು ಹೀಗೆ ಹೊರಬಿದ್ದಿತು. ಸರಿಯಾಗಿ ನೋಡಿದರೆ ತಪ್ಪು ಎರಡರದೂ ಅಲ್ಲ, ಪಂಚಾಂಗದ್ದು.

೭

ಜ್ಞಾನ ಬಂದ ಮೇಲೆ ಪಂಚಾಂಗ ತಿದ್ದಲ್ಪಡಬೇಕಾಗಿತ್ತು. ಆದದ್ದು ಬೇರೆ. ಜನವರಿ ೧ ಅಲುಗಲಿಲ್ಲ. ಲಾಯಕ್ಕೆ ದೀಪ ಬಂದಿತು. ಡಿಸೆಂಬರ್ ಆರಂಭದಿಂದ ದಿನಕ್ಕೆ ೧೬ ಗಂಟೆಗಳ ಬೆಳಕು ದೊರೆಯುವಂತೆ ಮಾಡಿ ಹೆಣ್ಣು ಕುದುರೆಗಳ ವಸಂತವನ್ನು ಮುಂದಕ್ಕೆಳೆಯುವುದು ಸಾಮಾನ್ಯ ಪದ್ಧತಿಯಾಯಿತು. ಗಂಡಿನ ಮೇಲೂ ಈ ಪ್ರಯೋಗ ನಡೆಯಿತು. ಕ್ಲೇ, ಸ್ಕ್ವೈರ್ಸ್, ಆಮನ್ ಮತ್ತು ಪಿಕೆಟ್ ಅವರು ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂದರ್ಭದಲ್ಲಿ ಮುಖ್ಯವಾದದ್ದು. ಕೃತಕವಾದ ದೀರ್ಘ ಹಗಲಿನಿಂದ ಗಂಡಿನ ವೃಷಣದ ಬೆಳವಣಿಗೆಯೂ ವೀರ್ಯದ ಉಬ್ಬರವೂ ವಾಡಿಕೆಗಿಂತ ಮುಂಚಿತವಾಗಿ ಬಂದುವು. ಆದರೆ ಇಳಿತವೂ ಮುಂಚಿತವಾಗಿಯೇ ಬಂದಿತು. ಬೆಳಕು ಹಾಗೆಯೇ ಮುಂದುವರಿದರೂ ಶರೀರ ಅದಕ್ಕೆ ಓಗೊಡುವುದನ್ನು ನಿಲ್ಲಿಸಿಬಿಡುತ್ತದೆ. ದೀಪದಿಂದ ದೊರೆತ ವಸಂತವು ಮುಂಗಡವಾಗಿ ಪಡೆದ ಸಂಬಳದಂತೆ: ತಿಂಗಳ ಕೊನೆಯಲ್ಲಿ ಅಷ್ಟು ಕಡಿತವಾಗಿಯೇ ತೀರುತ್ತದೆ.

ವಿಮಾನವು ದೀಪಕ್ಕಿಂತಲೂ ದೊಡ್ಡ ಉಪಾಯವನ್ನು ಒದಗಿಸಿತು. ೧೯೯೦ರಲ್ಲಿ ಡೇನ್‌ಹಿಲ್ ಎಂಬ ಬೀಜದ ಕುದುರೆ ಐರ್ಲೆಂಡಿನಲ್ಲಿ ಕೂಡುಗಾಲವನ್ನು ಮುಗಿಸಿ ಆಸ್ಟ್ರೇಲಿಯಕ್ಕೆ ಸಾಗಿ, ಅಲ್ಲಿಯ ವಸಂತದಲ್ಲಿ ಮತ್ತೆ ಕೆಲಸಕ್ಕೆ ನಿಂತಿತು. ೨೦೦೩ರಲ್ಲಿ ಅದು ಸಾಯುವ ವೇಳೆಗೆ ಹೀಗೆ ಎರಡು ಗೋಳಾರ್ಧಗಳ ನಡುವೆ ಗಂಡುಗಳನ್ನು ಸಾಗಿಸುವುದು ದೊಡ್ಡ ವ್ಯಾಪಾರವಾಗಿತ್ತು. ಇಂಥ ಕುದುರೆಗೆ ಶರತ್ತಿಲ್ಲ, ಹೇಮಂತವಿಲ್ಲ. ಒಂದು ವಸಂತ ಮುಗಿಯುವುದರೊಳಗಾಗಿ ಇನ್ನೊಂದು ವಸಂತ. ಎರಡು ನೆಲಗಳಲ್ಲಿಯೂ ಅದು ಮರಿಗಳನ್ನು ಪಡೆಯುತ್ತದೆಂಬುದು ನಿಜ. ಆದರೆ ಪ್ರಕೃತಿಯು ಇಳಿತವನ್ನು ಇಟ್ಟಿದ್ದ ಜಾಗದಲ್ಲಿ ಮನುಷ್ಯನು ಎರಡನೆಯ ಏರನ್ನು ತಂದಿಟ್ಟನೆಂಬುದೂ ನಿಜ.

೮

ಕನ್ನಡ ನಾಡಿನ ಚರಿತ್ರೆಗೆ ಕುದುರೆ ಹೊರಗಿನದಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಉತ್ತಮ ಗಂಡು ಹೆಣ್ಣುಗಳನ್ನು ಕೂಡಿಸಿದರೂ ಹುಟ್ಟುವುದು ಕುಳ್ಳಾದ ಸೊಟ್ಟ ಕಾಲಿನ ಮರಿಯೆಂದು ಬರೆದಿದ್ದಾನೆ. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಹೇಳಿದ್ದಾನೆ. ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿ ಬರೆದನು. ಹೊರಗಿನ ಆಮದನ್ನೇ ನಂಬದೆ ನಾಡಿನಲ್ಲಿಯೇ ಕುದುರೆ ಬೆಳೆಸುವ ಯತ್ನವಾಗಿ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕುಣಿಗಲಿನ ಅಶ್ವಪಾಲನಾಕೇಂದ್ರ ಬೆಳೆಯಿತು. ಅದು ಆಮೇಲೆ ಪಂದ್ಯದ ಕುದುರೆಗಳ ತವರಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ನ್ಯೂಮಾರ್ಕೆಟ್ಟಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಸುಮಾರು ಒಂಬತ್ತು ಗಂಟೆಗಳ ಅಂತರ. ಕೊಲರಾಡೊದಲ್ಲಿ ಸುಮಾರು ಆರು ಗಂಟೆ. ೧೩ ಡಿಗ್ರಿ ಅಕ್ಷಾಂಶದ ಕುಣಿಗಲಿನಲ್ಲಿ ಕೇವಲ ಒಂದೂವರೆ ಗಂಟೆ. ಸಮಭಾಜಕ ವೃತ್ತದ ಸಮೀಪದಲ್ಲಿ ಬೆಳಕಿನ ಸೂಚನೆ ಕ್ಷೀಣವಾಗಿರುವುದರಿಂದ ಕುದುರೆಗಳ ಋತುಮಾನವೂ ಅಷ್ಟು ಕಟ್ಟುನಿಟ್ಟಾಗಿರದು. ಉತ್ತರದ ಶೀತದೇಶಗಳಲ್ಲಿ ಅಳೆದ ಅಂಕಿಗಳನ್ನು ಇಲ್ಲಿಯ ಲಾಯಗಳಿಗೆ ಹಾಗೆಯೇ ಅನ್ವಯಿಸುವುದು, ಅಲ್ಲಿಯ ಹುಟ್ಟುಹಬ್ಬವನ್ನು ಎಲ್ಲ ಕುದುರೆಗಳಿಗೂ ಹೊರಿಸಿದಂತೆಯೇ ಇನ್ನೊಂದು ತಪ್ಪಾದೀತು. ಒಂದು ನೆಲದ ಸೂರ್ಯನನ್ನು ಇನ್ನೊಂದು ನೆಲಕ್ಕೆ ಸಾಗಿಸಲಾಗದು.

ವಾರೋ ಹಾರ್ಮೋನನ್ನು ಅರಿಯನು, ಪೀನಿಯಲ್ ಗ್ರಂಥಿಯ ಹೆಸರನ್ನು ಕೇಳಿದವನಲ್ಲ. ಆದರೂ ಅವನು ಗೊತ್ತುಮಾಡಿದ ಮೂರು ತಿಂಗಳುಗಳೂ ೧೯೭೪ರ ರಕ್ತಪರೀಕ್ಷೆ ತೋರಿಸಿದ ಉಬ್ಬರವೂ ಒಂದರ ಮೇಲೊಂದು ಕೂರುತ್ತವೆ. ನಡುವಣ ಎರಡು ಸಾವಿರ ವರ್ಷಗಳಲ್ಲಿ ಕುದುರೆ ಬದಲಾಗಲಿಲ್ಲ. ಅದರ ವಯಸ್ಸನ್ನು ಎಣಿಸುವ ಪುಸ್ತಕ ಬದಲಾಯಿತು. ವಿಜ್ಞಾನವು ಆ ಪುಸ್ತಕದ ತಪ್ಪನ್ನು ಎತ್ತಿ ತೋರಿಸಿತು. ಅದನ್ನು ತಿದ್ದುವ ಬದಲು, ತಪ್ಪಿಗೆ ತಕ್ಕಂತೆ ಪ್ರಾಣಿಯನ್ನು ತಿದ್ದುವ ಉಪಾಯಗಳಿಗೆ ಆ ವಿಜ್ಞಾನವೇ ಬಳಕೆಯಾಯಿತು. ಪುಸ್ತಕದಲ್ಲಿ ಜನವರಿ ೧ ಹಾಗೆಯೇ ನಿಂತಿದೆ; ಬೀಜದ ಕುದುರೆಯ ರಕ್ತವು ಮಾತ್ರ ಪ್ರತಿವರ್ಷವೂ ಉತ್ತರಾಯಣಕ್ಕಾಗಿ ಕಾಯುತ್ತಲೇ ಇದೆ.